ಮಹಡಿಯ ಸಭೆಗೆ ಬಂದ ಕೃಷ್ಣಪ್ಪ

ಫಿರ್ದೋಸ್‌ಗೆ ಹನ್ನೊಂದು ವರ್ಷದಿಂದ ಒಬ್ಬ ಬಸ್ ಕಂಡಕ್ಟರನ ದನಿ ಕೇಳಿಸುತ್ತಿತ್ತು. ಅವಳು ಬಟ್ಟೆ ಹೊಲಿಯುತ್ತಿರಲಿ, ಅನ್ನ ಬಸಿಯುತ್ತಿರಲಿ, ಇಳಿ ಇಳಿ ಎಂದು ಗದರುತ್ತಿದ್ದ. ಮಾತ್ರೆಯಿಂದ ಅವನ ಗಂಟಲು ಅರ್ಧ ಕಟ್ಟಿತ್ತು. ಉಳಿದರ್ಧವನ್ನು ತಾಳಿಕೊಳ್ಳಲು ಕಲಿಸಿದ್ದು ಸಕಲೇಶಪುರದ ಹಳೇ ಕಟ್ಟಡವೊಂದರ ಮಹಡಿಯಲ್ಲಿ ತಿಂಗಳಿಗೊಮ್ಮೆ ಸೇರುವ ಗುಂಪು. ಸ್ಕಿಜೋಫ್ರೇನಿಯಾ ಇರುವ ಏಳೆಂಟು ಜನ, ಜೊತೆಗೆ ಆಪ್ತಸಮಾಲೋಚಕಿ ದೀಪಶ್ರೀ.

ಆ ಶನಿವಾರ ದೀಪಶ್ರೀಗೆ ಜ್ವರ. ಸಭೆಯನ್ನು ನೀವೇ ನಡೆಸಿ ಎಂದು ಫಿರ್ದೋಸ್‌ಗೆ ಫೋನ್ ಮಾಡಿದ್ದಳು. ಫಿರ್ದೋಸ್ ಅಳುಕುತ್ತಲೇ ಕುರ್ಚಿಗಳನ್ನು ದುಂಡಗೆ ಹಾಕುವಷ್ಟರಲ್ಲಿ ಕೆ. ಹೊಸಕೋಟೆ ಕಡೆಯ ಕೃಷ್ಣಪ್ಪ ಎಂಬ ಹೊಸಬರು ಬಂದು ಕೂತರು. ಏನು ತೊಂದರೆ ಅಣ್ಣ ಎಂದು ಕೇಳಿದಳು.

"ಆನೆ ಕಣಮ್ಮ. ದಿನಾ ಬೆಳಗಾಗೆ ಅಡಿಗೆಮನೆ ಕಿಟಕಿಗೆ ಬಂದು ನಿಂತ್ಕತದೆ. ನನ್ನೇ ನೋಡ್ತದೆ."

ಯಾರೂ ನಗಲಿಲ್ಲ. ಅಲ್ಲಿ ಯಾರನ್ನೂ ನೋಡಿ ನಗುವ ಪದ್ಧತಿಯಿರಲಿಲ್ಲ. ಆನೆ ಮಾತಾಡುತ್ತದೆಯೇ ಎಂದು ಗುಂಪಿನ ಯೋಗೇಶ್ ವಿಚಾರಿಸಿದ. ಇಲ್ಲವೆಂದಾಗ, ಹಾಗಾದರೆ ನೀವೇ ಪುಣ್ಯವಂತರು ಎಂದ. ಹೆಂಡತಿ ಮಾದಮ್ಮನಿಗೂ ಕಾಣುತ್ತದೆ ಎಂದು ಕೃಷ್ಣಪ್ಪ ಹೇಳಿದಾಗ ಎಲ್ಲರ ಮುಖ ಬಾಡಿತು. ಮನೆಯಲ್ಲಿ ಇಬ್ಬರಿಗೂ ಕಾಯಿಲೆ ಬಂದಿದೆಯಲ್ಲ ಪಾಪ.

ಅದು ಏನೂ ಮಾಡಲಾರದು, ಅದರ ಪಾಡಿಗೆ ಬಿಟ್ಟು ನಿಮ್ಮ ಕೆಲಸ ನೋಡಿಕೊಳ್ಳಿ ಎಂದು ಫಿರ್ದೋಸ್ ಧೈರ್ಯ ಹೇಳಿದಳು. "ರಾತ್ರಿ ನಿದ್ದೆ ಬರ್ತದಾ ಅಣ್ಣ?" ಎಂದು ಕೇಳಿದಳು. ಕೃಷ್ಣಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

ಆಗಲೇ ಒಬ್ಬರು ಬಾಗಿಲಲ್ಲಿ ಇಣುಕಿ, ಆನೆ ಹಾವಳಿಯ ಸಭೆ ಕೆಳಗಡೆ, ಅಧಿಕಾರಿಗಳು ಬಂದಾಯಿತು ಎಂದು ಕರೆದರು. ಫಿರ್ದೋಸ್‌ಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ನಿಜವಾದ ಆನೆಯ ಮುಂದೆ ಸುಮ್ಮನಿರಿ ಎಂದುಬಿಟ್ಟಿದ್ದಳಲ್ಲ! ಎದ್ದು ಹೊರಟ ಕೃಷ್ಣಪ್ಪನವರ ಹಿಂದೆ ಮೆಟ್ಟಿಲವರೆಗೂ ಓಡಿ, ದಮ್ಮಯ್ಯ ಕಿಟಕಿಯ ಹತ್ತಿರ ಹೋಗಬೇಡಿ ಎಂದು ಬೇಡಿಕೊಂಡಳು. ತಮ್ಮ ಗುಂಪು ಎಂಥದ್ದೆಂದೂ ಮುಚ್ಚುಮರೆಯಿಲ್ಲದೆ ಹೇಳಿದಳು.

ಮುಂದಿನ ತಿಂಗಳು ಕೃಷ್ಣಪ್ಪ ಮಾದಮ್ಮನನ್ನೂ ಕರೆದುಕೊಂಡು ನೇರ ಮಹಡಿಗೇ ಬಂದರು. "ಕೆಳಗಡೆ ಆನೆ ವಿಷ್ಯ ಎಲ್ಲ ಕೇಳಿ ಬರ್ಕಂಡ್ರು. ನಿದ್ದೆ ವಿಷ್ಯ ಯಾರೂ ಕೇಳ್ನಿಲ್ಲ ಕಣಮ್ಮ" ಎಂದರು.

ಎಲ್ಲರಿಗೂ ಕಾಣುವ ಆನೆಯಿರುವವರನ್ನು ಸೇರಿಸಿಕೊಳ್ಳಬಹುದೇ ಎಂದು ಅರ್ಧ ಗಂಟೆ ಚರ್ಚೆಯಾಯಿತು. ದೀಪಶ್ರೀ ನಿಯಮದ ಹಾಳೆ ತಿರುವಿ ನೋಡಿದಳು. ಆನೆಯ ಪ್ರಸ್ತಾಪವೇ ಇರಲಿಲ್ಲ. ಹೆದರಿದವರಿಗೆ ಕುರ್ಚಿ ಕೊಡೋಣ, ಆನೆಯ ಸಂಗತಿ ಕೆಳಗಿನವರು ನೋಡಿಕೊಳ್ಳಲಿ ಎಂದು ಫಿರ್ದೋಸ್ ಹೇಳಿದ್ದಕ್ಕೆ ಎಲ್ಲರೂ ಕೈ ಎತ್ತಿದರು. ಯೋಗೇಶ್ ಮಾತ್ರ, ಆನೆಯನ್ನು ಯಾವತ್ತೂ ಜೊತೆಗೆ ಕರೆತರಬಾರದೆಂದು ಷರತ್ತು ಹಾಕಿದ. ಕೃಷ್ಣಪ್ಪ ಗಂಭೀರವಾಗಿ ಒಪ್ಪಿಕೊಂಡು, ಮಾದಮ್ಮನಿಗೆ ಕುರ್ಚಿ ಎಳೆದುಕೊಟ್ಟರು.