ಗರಗಸ ತಿಂದ ಪಾಲು

ನಲವತ್ತು ದಾಟಿದ ಮೇಲೆ ಹೊಸ ಕೆಲಸ ಕಲಿಯಲು ಹೊರಟ ಹೆಂಗಸನ್ನು ಕಂಡರೆ ಜನ ಎದುರಿಗೆ "ಭೇಷ್" ಅನ್ನುತ್ತಾರೆ, ಬೆನ್ನು ತಿರುಗಿಸಿದ ಮೇಲೆ "ತಲೆ ಕೆಟ್ಟಿದೆ" ಅನ್ನುತ್ತಾರೆ. ನನ್ನ ಗಂಡ ಬಸ್ ಓಡಿಸುವವರು, ಮುಚ್ಚುಮರೆ ಗೊತ್ತಿಲ್ಲದ ಜೀವ. ಎರಡನ್ನೂ ಎದುರಿಗೇ ಅಂದು ಮುಗಿಸಿದರು.

"ಸೂಜಿ ಹಿಡಿದಿದ್ದಾಗಲೇ ನಿನ್ನ ಹತ್ತಿರ ಜೋರಾಗಿ ಮಾತಾಡೋಕೆ ಹೆದರ್ತಿದ್ದೆ. ಇನ್ನು ಗರಗಸ ಬೇರೆ!"

ನಾನು ಟೈಲರ್ ಆಗಿದ್ದವಳು. ರೆಡಿಮೇಡ್ ಅಂಗಡಿಗಳು ಬಂದ ಮೇಲೆ ಅಳತೆ ಕೊಟ್ಟು ಹೊಲಿಸುವವರು ಕಡಿಮೆಯಾದರು. ಕೊನೆಗೆ ನನ್ನ ಪಾಲಿಗೆ ಉಳಿದದ್ದು ಕೆಟ್ಟುಹೋದ ಜಿಪ್ಪುಗಳು ಮತ್ತು ಉದ್ದವಾದ ಪ್ಯಾಂಟುಗಳು. ಅದೇ ಹೊತ್ತಿಗೆ ಮಾವನ ಕೈ ನಡುಗಲು ಶುರುವಾಯಿತು. ಅವರದು ಮರಗೆಲಸದ ಅಂಗಡಿ, ನಮ್ಮ ಮನೆಯಿಂದ ನಾಲ್ಕು ಹೆಜ್ಜೆ. ಉಳಿ ಹಿಡಿದರೆ ಅದು ಅವರು ಹೇಳಿದ ಕಡೆ ಹೋಗದೆ ತನಗೆ ಬೇಕಾದ ಕಡೆ ಹೋಗುತ್ತಿತ್ತು. ಅವರ ಮಗ, ಅಂದರೆ ನನ್ನ ಗಂಡ, ಸ್ಟೇರಿಂಗ್ ಬಿಟ್ಟು ಬರುವವರಲ್ಲ. ಪಕ್ಕದ ಸೈಕಲ್ ಅಂಗಡಿಯವನು ಹಳೇ ಟೈರು ತುಂಬಿಡಲು ಆ ಜಾಗ ತನಗೆ ಕೊಡಿ ಅಂತ ದಿನಾ ಬಂದು ಹಲ್ಲು ಕಿರಿಯುತ್ತಿದ್ದ.

ಒಂದು ದಿನ ಮಾವನಿಗೆ ಊಟ ಕೊಡಲು ಹೋಗಿದ್ದೆ. ಮರ ಹೆರೆಯುವ ಕೀಸುಳಿ ಹಲಗೆಯ ಮೇಲೆ ಕೂತಿತ್ತು, ಮಾವ ಅದನ್ನು ನೋಡುತ್ತಾ ಪಕ್ಕದಲ್ಲಿ ಕೂತಿದ್ದರು. ಏನು ಅನ್ನಿಸಿತೋ, ಡಬ್ಬಿ ಕೆಳಗಿಟ್ಟು ಕೀಸುಳಿ ಹಿಡಿದು ಒಂದು ಸಲ ತಳ್ಳಿದೆ. ಬೂದು ಬಣ್ಣದ ಹಲಗೆ, ಮಣ್ಣು ಮೆತ್ತಿದ ಹಾಗಿತ್ತು. ಸುರುಳಿ ಎದ್ದು ಬಂದ ಜಾಗದಲ್ಲಿ ಜೇನಿನ ಬಣ್ಣ ಕಾಣಿಸಿತು, ಅದರೊಳಗೆ ಅಲೆ ಅಲೆಯಾಗಿ ಗೆರೆಗಳು. ನಾನು ಕಕ್ಕಾಬಿಕ್ಕಿಯಾಗಿ ನಿಂತೆ. ಬಟ್ಟೆಯಲ್ಲಿ ಚಿತ್ರ ಮೇಲೇ ಇರುತ್ತದೆ, ಅಂಗಡಿಯವನು ಹರವಿ ತೋರಿಸುತ್ತಾನೆ. ಇಲ್ಲಿ ಮರ ತನ್ನ ಚಿತ್ರವನ್ನು ಒಳಗೇ ಇಟ್ಟುಕೊಂಡಿತ್ತು. ಅದನ್ನು ನನಗಿಂತ ಮೊದಲು ಯಾರೂ ನೋಡಿರಲಿಲ್ಲ, ಮಾವ ಕೂಡ.

"ಇದು ಹೀಗೇ ಇರುತ್ತಾ ಮಾವ, ಎಲ್ಲದರಲ್ಲೂ?"

"ಹೀಗೇ ಅಲ್ಲ. ಒಂದೊಂದರಲ್ಲಿ ಒಂದೊಂದು ಥರ. ಇನ್ನೊಂದು ಸಲ ತಳ್ಳು, ಟೈಲರಮ್ಮ. ಮೊಣಕೈ ಒಳಗಿಟ್ಟುಕೋ."

ಅವತ್ತಿಂದ ನಾನು ಬಡಗಿಯ ಕೆಲಸಕ್ಕೆ ಸೇರಿದೆ. ಮಾವ ಬಾಯಲ್ಲಿ ಹೇಳುವುದು, ನಾನು ಕೈಯಲ್ಲಿ ಮಾಡುವುದು. ಬೈಗುಳಕ್ಕೆ ಬರವಿರಲಿಲ್ಲ. ನಾನೂ ಸುಮ್ಮನಿರುವವಳಲ್ಲ, ತಿರುಗಿಸಿ ಕೊಡುತ್ತಿದ್ದೆ. ಅಂಗೈ ಬೊಬ್ಬೆ ಎದ್ದು, ಒಡೆದು, ಗಟ್ಟಿಯಾಯಿತು. ಮೊಳೆ ಹೊಡೆಯದೆ ಎರಡು ತುಂಡು ಮರ ಒಂದನ್ನೊಂದು ಕಚ್ಚಿ ಹಿಡಿದು ನಿಲ್ಲುವುದನ್ನು ಮೊದಲ ಬಾರಿ ನನ್ನ ಕೈಯಾರೆ ಮಾಡಿದಾಗ ಖುಷಿಗಿಂತ ಹೆಚ್ಚಾಗಿ ಭಯವೇ ಆಯಿತು. ಇಷ್ಟು ದೊಡ್ಡ ವಿದ್ಯೆ ನಾಲ್ಕು ಹೆಜ್ಜೆ ದೂರದಲ್ಲಿತ್ತು, ನಾನು ಇಷ್ಟು ವರ್ಷ ಜಿಪ್ಪು ಹೊಲಿಯುತ್ತಾ ಕೂತಿದ್ದೆನಲ್ಲ!

ಆಮೇಲೆ ಔಷಧಿ ಅಂಗಡಿಯ ಯಜಮಾನರು ಬಂದರು. ಅವರಿಗೆ ಉದ್ದನೆಯ ಮೇಜು ಬೇಕಿತ್ತು, ಮುಂದುಗಡೆ ಸಾಲಾಗಿ ಆರು ಡ್ರಾಯರ್. ಅವರು ಹೋದ ಮೇಲೆ ಮಾವ ಜೇಬಿನಿಂದ ಅಂಗಡಿಯ ಬೀಗದ ಕೈ ತೆಗೆದು ಕೆಲಸದ ಹಲಗೆಯ ಮೇಲಿಟ್ಟರು.

"ಇದು ಪೂರ್ತಿ ನಿಂದೇ ಕೆಲಸ. ನಾನು ಬಾಯಿ ಬಿಡಲ್ಲ. ಒಪ್ಪವಾಗಿ ಮುಗಿಸಿದರೆ ಬೀಗದ ಕೈ ನಿಂದು. ಇಲ್ಲ ಅಂದ್ರೆ ಸೈಕಲ್ ಅಂಗಡಿಯವನಿಗೆ ಕೊಟ್ಟುಬಿಡ್ತೀನಿ. ಬೇಜಾರು ಮಾಡ್ಕೋಬೇಡಮ್ಮ. ಅರೆಬರೆ ಕೆಲಸ ಈ ಬಾಗಿಲಿಂದ ಆಚೆ ಹೋಗೋದು ನನಗೆ ನೋಡೋಕಾಗಲ್ಲ."

ಅಂದು ಬೀಗದ ಕೈಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು. ನನಗೆ ಆ ಅಂಗಡಿ ಎಷ್ಟು ಬೇಕಾಗಿತ್ತು ಅನ್ನುವುದು ಆ ಕ್ಷಣದಲ್ಲೇ ನನಗೂ ಗೊತ್ತಾದದ್ದು.

ಮೇಜಿನ ಚೌಕಟ್ಟು ಚೆನ್ನಾಗಿಯೇ ಬಂತು. ಡ್ರಾಯರುಗಳ ಮುಖಕ್ಕೆಂದು ಮಾವ ಅಟ್ಟದಿಂದ ಒಂದು ಹಳೇ ತೇಗದ ಹಲಗೆ ಇಳಿಸಿಕೊಟ್ಟರು. ಹೆರೆದು ನೋಡಿದರೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ಹರಿವು, ನಡುವೆ ಒಂದು ಕಡೆ ನೀರು ಕಲ್ಲನ್ನು ಬಳಸಿ ಹೋದಂತೆ ಸುಳಿ. ಅದನ್ನು ನೋಡಿದ ಕೂಡಲೇ ನನ್ನೊಳಗಿನ ಟೈಲರ್ ಎದ್ದು ಕೂತಳು. ಪಟ್ಟೆ ಅಂಗಿಗೆ ಜೇಬು ಹಚ್ಚುವಾಗ ಜೇಬಿನ ಪಟ್ಟೆ ಅಂಗಿಯ ಪಟ್ಟೆಗೆ ಕೂಡಬೇಕು. ಹಾಗೆಯೇ ಆರು ಮುಖಗಳನ್ನೂ ಇದೇ ಹಲಗೆಯಿಂದ, ಇದೇ ಸಾಲಿನಲ್ಲಿ ಕತ್ತರಿಸಿದರೆ ಗೆರೆ ಮೊದಲ ಡ್ರಾಯರಿನಿಂದ ಕೊನೆಯದರವರೆಗೆ ಹರಿದು ಹೋಗುತ್ತದೆ. ಅಳೆದೆ. ಡ್ರಾಯರು ಕೂರುವ ಆರೂ ಖಾನೆಗಳ ಅಗಲ ಕೂಡಿಸಿದರೆ ಹಲಗೆಯ ಉದ್ದಕ್ಕೆ ಸರಿಯಾಗಿ ಸರಿ, ಚೂರೂ ಮಿಗುವುದಿಲ್ಲ. ಕುಣಿಯುವುದೊಂದು ಬಾಕಿ. ಮರವನ್ನು ಮಡಿಸಿ ಹೊಲಿಯುವುದಿಲ್ಲವಲ್ಲ, ಅಂಚು ಬಿಡುವ ರಗಳೆಯೂ ಇಲ್ಲ ಅಂದುಕೊಂಡು, ಗೆರೆಗೆ ಗೆರೆ ತಾಗಿಸಿ ಗುರುತು ಹಾಕಿದೆ.

ಮಾವ ಅವತ್ತು ಕೈ ತೋರಿಸಲು ಡಾಕ್ಟರ ಹತ್ತಿರ ಹೋಗಿದ್ದರು. ನಾನು ಉಸಿರು ಬಿಗಿಹಿಡಿದು ಕುಯ್ದೆ. ಒಂದು ಗೆರೆಯೂ ಓರೆಯಾಗಲಿಲ್ಲ. ಆರನ್ನೂ ಖಾನೆಗಳಲ್ಲಿ ಇಟ್ಟು ಹಿಂದೆ ಸರಿದು ನೋಡಿದೆ. ಹರಿವು ಅದೇ ಹರಿವು, ನೋಡಿದರೆ ಮೈ ಜುಮ್ಮೆನ್ನಬೇಕು, ಹಾಗಿತ್ತು. ಆದರೆ ಪ್ರತಿ ಮುಖದ ಪಕ್ಕದಲ್ಲೂ ಒಂದು ಕಪ್ಪು ಸಂದು. ಬೆರಳು ತೂರದಿದ್ದರೂ ಉಗುರು ತೂರುತ್ತಿತ್ತು.

ಮತ್ತೆ ಅಳೆದೆ. ಅಳತೆಯಲ್ಲಿ ತಪ್ಪಿಲ್ಲ, ಗುರುತಿನಲ್ಲೂ ತಪ್ಪಿಲ್ಲ. ಮತ್ತೆ ಕಡಿಮೆ ಬಿದ್ದ ಮರ ಎಲ್ಲಿ ಹೋಯಿತು? ಸುತ್ತ ನೋಡಿದೆ. ನನ್ನ ಕಾಲ ಬುಡದಲ್ಲೇ ಪುಡಿಯಾಗಿ ಬಿದ್ದಿತ್ತು.

ಕತ್ತರಿ ಬಟ್ಟೆಯನ್ನು ಬೇರೆ ಮಾಡುತ್ತದೆ, ಏನನ್ನೂ ತೆಗೆದುಕೊಳ್ಳುವುದಿಲ್ಲ. ಗರಗಸ ಹಾಗಲ್ಲ, ತಾನು ಹೋದ ದಾರಿಯ ಮರವನ್ನು ತಿಂದುಕೊಂಡೇ ಹೋಗುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ, ದಿನಾ ಆ ಪುಡಿ ಗುಡಿಸುತ್ತಿದ್ದವಳೇ ನಾನು. ಗೊತ್ತಿದ್ದೂ ಕೈ ಹಳೇ ಲೆಕ್ಕವನ್ನೇ ಹಾಕಿತ್ತು.

ಮಾವ ಬಂದರು. ಸಾಲಿನ ಮುಂದೆ ನಿಂತರು, ಬಗ್ಗಿ ಒಂದು ಸಂದಿನಲ್ಲಿ ಉಗುರು ಇಟ್ಟು ನೋಡಿದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಊಟಕ್ಕೆ ನಡಿ," ಅಂದರು ಅಷ್ಟೆ.

ನನಗೆ ಊಟ ಸೇರಲಿಲ್ಲ. ಕೋಣೆಗೆ ಹೋಗಿ ಮಂಚದ ಮೇಲೆ ಕೂತು ಎದುರಿನ ಬೀರುವನ್ನು ದಿಟ್ಟಿಸಿದೆ. ಅದು ಮಾವ ತಮ್ಮ ಮದುವೆಗೆ ಮುಂಚೆ, ಅತ್ತೆಗೆಂದು ಮಾಡಿದ ಬೀರು, ಅವರ ಮೊದಲ ಸ್ವಂತ ಕೆಲಸ. ನಾನು ಸೊಸೆಯಾಗಿ ಬಂದಾಗ ಅತ್ತೆ ನಮ್ಮ ಕೋಣೆಗೆ ಕೊಟ್ಟಿದ್ದರು. ಅದರ ಡ್ರಾಯರುಗಳ ಸುತ್ತ ಬೀಟೆ ಮರದ ತೆಳು ಕಪ್ಪು ಅಂಚು. ಮನೆಗೆ ಯಾರೇ ಬರಲಿ, ಅತ್ತೆ ಅವರನ್ನು ಕೋಣೆಗೆ ಎಳೆದು ತಂದು ತೋರಿಸಿದ್ದೇ ತೋರಿಸಿದ್ದು. "ನನಗೆ ಅಂಚಿನ ಬಟ್ಟೆ ಅಂದ್ರೆ ಇಷ್ಟ. ಅದಕ್ಕೇ ನಮ್ಮನೆಯವರು ಮರಕ್ಕೂ ಅಂಚು ಕಟ್ಟಿದರು." ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು. ದಿನಾ ಒರೆಸುವ ಅಂಚು, ಅವತ್ತು ಮೊದಲ ಸಲ ಅದರ ಮೇಲೆ ಕಣ್ಣು ನಿಂತಿತು.

ಎದ್ದು ಹೋಗಿ ಡ್ರಾಯರನ್ನು ಪೂರ್ತಿ ಹೊರಗೆಳೆದು ಮಂಚದ ಮೇಲೆ ಮಗುಚಿದೆ. ಅಂಚಿಲ್ಲದೆ ಲೆಕ್ಕ ಹಾಕಿದರೆ ಮುಖ ಖಾನೆಗಿಂತ ಸಣ್ಣದು. ಎರಡನೆಯದನ್ನು ಎಳೆದೆ, ಮೂರನೆಯದನ್ನೂ. ಎಲ್ಲವೂ ಅಷ್ಟಷ್ಟೇ ಕಡಿಮೆ. ಗೆರೆಗಳನ್ನು ಜೋಡಿಸಿ ನೋಡಿದೆ: ಮೂರೂ ಒಂದೇ ಹಲಗೆಯವು, ಗೆರೆಗೆ ಗೆರೆ ತಾಗಿಸಿ ಕುಯ್ದವು.

ನಾನು ನೆಲದ ಮೇಲೆ ಕೂತುಬಿಟ್ಟೆ. ಆ ಕಟ್ಟುನಿಟ್ಟಿನ ಮನುಷ್ಯನೊಳಗೆ ಒಂದು ಕಾಲಕ್ಕೆ ನನ್ನಂಥದೇ ಒಂದು ಪೆದ್ದು ಜೀವ ಇತ್ತೇ! ಅಷ್ಟು ದೊಡ್ಡ ತಪ್ಪನ್ನು ಅಷ್ಟು ಚೆಂದದ ಕೆಲಸದೊಳಗೆ ಸೇರಿಸಿ, ಇಷ್ಟು ವರ್ಷ ಎಲ್ಲರ ಕಣ್ಣೆದುರೇ ನಿಲ್ಲಿಸಿದ್ದರಲ್ಲ. ಅವರನ್ನು ಅಷ್ಟು ಗೌರವದಿಂದ ನಾನು ಎಂದೂ ನೆನೆದಿರಲಿಲ್ಲ. ಡ್ರಾಯರುಗಳನ್ನು ವಾಪಸು ಇಡುವಾಗ ಒಂದು ಅಂಚಿನ ಹಿಂದೆ ಅಂಟು ಹೊರಚೆಲ್ಲಿ ಒಣಗಿದ್ದು ಕಾಣಿಸಿತು. ಮಾವನ ಕೈಗೆ ಸಲ್ಲದ ಕೊಳಕು ಕೆಲಸ. ಹೊಸಬರಾಗಿದ್ದರಲ್ಲ ಅಂದುಕೊಂಡು ತಳ್ಳಿ ಮುಚ್ಚಿದೆ.

ನನ್ನ ಡ್ರಾಯರುಗಳಿಗೂ ಹಾಗೇ ಅಂಚು ಕಟ್ಟುವುದು ನನಗೆ ಗೊತ್ತಿದ್ದ ವಿದ್ಯೆಯೇ. ರವಿಕೆಯ ಕುತ್ತಿಗೆಯ ಸುತ್ತ ತೆಳು ಪಟ್ಟಿಯ ಪೈಪಿಂಗ್ ಕೊಡುವುದನ್ನು ನಿದ್ದೆಯಲ್ಲೂ ಮಾಡಬಲ್ಲೆ. ಆದರೆ ಮರದ ಪೈಪಿಂಗನ್ನು ನಾಲ್ಕೂ ಕಡೆ ಕೂರಿಸಬೇಕಾದರೆ ಸರಿಯಾಗಿದ್ದ ಮೇಲಂಚನ್ನೂ ಕೆಳಗಿನಂಚನ್ನೂ ಹೆರೆದು ಕಡಿಮೆ ಮಾಡಬೇಕು. ಕೀಸುಳಿ ಎತ್ತಿ ಎರಡನ್ನೂ ಹೆರೆದೆ. ಬೀಟೆಯನ್ನು ಸೀಳಿ, ತೆಳ್ಳಗೆ ಹೆರೆದು, ಮೂಲೆಗಳನ್ನು ಓರೆಯಾಗಿ ಕೂಡಿಸಿ ಅಂಟಿಸಿದೆ. ಮಾವ ಕೊಟ್ಟ ಮಾತಿನಂತೆ ಬಾಯಿ ಬಿಡಲಿಲ್ಲ. ನಾನು ಮೊದಲ ಪಟ್ಟಿ ಕೂರಿಸಿದಾಗ ಮಾತ್ರ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಕನ್ನಡಕ ತೆಗೆದು ಒರೆಸತೊಡಗಿದರು.

ಔಷಧಿ ಅಂಗಡಿಯ ಯಜಮಾನರು ಬಂದು ನೋಡಿದರು. ಒಂದೊಂದೇ ಡ್ರಾಯರ್ ಎಳೆದು ಬಿಟ್ಟರು. ಪ್ರತಿಯೊಂದೂ ಸದ್ದಿಲ್ಲದೆ ಒಳಗೆ ಹೋಗಿ ನಿಂತಿತು. ಕಪ್ಪು ಅಂಚುಗಳ ನಡುವೆ ಆ ಹರಿವು ಕಿಟಕಿ ಕಿಟಕಿಯಲ್ಲಿ ಕಾಣುವ ಹೊಳೆಯ ಹಾಗೆ ಈ ಕಡೆಯಿಂದ ಆ ಕಡೆಗೆ ಸಾಗಿತ್ತು. ಮಾಡಿದವಳು ನಾನೇ ಆದರೂ ನಾನೇ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

"ನಾನು ಅಂಚು ಕೇಳಿರಲಿಲ್ಲವಲ್ಲ?" ಅಂದರು ಅವರು, ಬೆರಳಾಡಿಸುತ್ತಾ. "ಬಹಳ ಚೆನ್ನಾಗಿದೆ."

ಮಾವ ಮೇಜಿನ ಹತ್ತಿರ ಬಂದರು.

"ಅದು ನಮ್ಮ ಅಂಗಡಿ ಗುರುತು ಸ್ವಾಮಿ. ಮೊದಲಿಂದ ನಡೆದುಬಂದಿದ್ದು."

ಅವರು ಹೋದ ಮೇಲೆ ಮಾವ ನಡುಗುವ ಕೈಯಲ್ಲಿ ಬೀಗದ ಕೈ ತೆಗೆದು ನನ್ನ ಅಂಗೈಯಲ್ಲಿಟ್ಟರು. "ನೋಡ್ದೆ ಅಲ್ವಾ, ಬೀರುನ?" ಅಂದರು. ನಾನು ತಲೆಯಾಡಿಸಿದೆ. "ನಿಮ್ಮತ್ತೆಗೆ ಹೇಳಬೇಡ ಕಣಮ್ಮ. ಪಾಪ, ತನಗೋಸ್ಕರ ಕಟ್ಟಿದ್ದು ಅಂತ ನಂಬಿಕೊಂಡಿದ್ದಾಳೆ."

ಅಷ್ಟರಲ್ಲಿ ಅತ್ತೆಯೇ ಊಟದ ಡಬ್ಬಿ ಹಿಡಿದು ಒಳಗೆ ಬಂದರು. ಮೇಜು ನೋಡಿದರು. ಬಗ್ಗಿ ಅಂಚನ್ನು ಮುಟ್ಟಿದರು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಮಾವನ ಕಡೆ ತಿರುಗಿದರು.

"ಔಷಧಿ ಅಂಗಡಿಯವರಿಗೂ ಅಂಚಿನ ಬಟ್ಟೆ ಇಷ್ಟವೋ?"

ಮಾವ ನನ್ನ ಮುಖ ನೋಡಿದರು. ನಾನು ಬಾಯಿ ಹೊಲಿದುಕೊಂಡು ಬೀಗದ ಕೈ ನೋಡುತ್ತಾ ನಿಂತೆ. ಕೊನೆಗೆ ಅವರೇ ತಲೆ ತಗ್ಗಿಸಿದರು.

"ಕಡಿಮೆ ಬಿದ್ದಿತ್ತು ಕಣೆ. ಅವತ್ತೂ ಕಡಿಮೆ ಬಿದ್ದಿತ್ತು."

"ಗೊತ್ತು," ಅಂದರು ಅತ್ತೆ. "ಮದುವೆಯಾದ ವರ್ಷವೇ ಒಂದು ಪಟ್ಟಿ ಕಿತ್ತು ಬಂತು. ಒಳಗೆ ನೋಡ್ದೆ. ನಿಮಗೆ ಬೇಜಾರಾಗುತ್ತೆ ಅಂತ ನಾನೇ ಅಂಟಿಸಿ ಇಟ್ಟೆ."

ಹೊರಚೆಲ್ಲಿ ಒಣಗಿದ ಆ ಅಂಟು ನನ್ನ ಕಣ್ಣ ಮುಂದೆ ಬಂತು. ಮಾವ ತಲೆಯೆತ್ತಿ ಅತ್ತೆಯನ್ನು ನೋಡಿದರು.

"ಗೊತ್ತಿದ್ದೂ ಊರಿಗೆಲ್ಲ ನಿನಗೋಸ್ಕರ ಕಟ್ಟಿದ್ದು ಅಂತ ಹೇಳ್ಕೊಂಡು ಬಂದೆಯಾ?"

"ಮತ್ತೆ ಯಾರಿಗೋಸ್ಕರ? ಕಡಿಮೆ ಬಿತ್ತು ಅಂತ ಎತ್ತಿ ಒಲೆಗೆ ಹಾಕಲಿಲ್ಲವಲ್ಲ ನೀವು. ಕೂತು ಅಂಚು ಕಟ್ಟಿದಿರಲ್ಲ."

ಅಂದು ಅತ್ತೆ ಹಲಗೆಯ ಮೇಲಿನ ಪುಡಿ ಒರೆಸಿ ಡಬ್ಬಿ ಬಿಚ್ಚಿದರು. ಕೈ ತೊಳೆದುಕೊಂಡು ಬನ್ನಿ, ಊಟ ಆರುತ್ತೆ ಅಂದರು.