ಕಬ್ಬಿಣ ತಿಂದ ಮಣ್ಣು

ರಾಜೇಶ್ವರದ ಕೆಳಗಿನ ಓಣಿಯಲ್ಲಿ ಹತ್ತೊಂಬತ್ತು ಜನರಿಗೆ ಕಾಮಾಲೆಯಾಗಿತ್ತು. ಅವರಲ್ಲಿ ಏಳು ತಿಂಗಳ ಬಸುರಿ ಅರ್ಷಿಯಾ ಒಬ್ಬಳು. ಹುಮನಾಬಾದಿನ ಆಸ್ಪತ್ರೆಯಲ್ಲಿ ಅವಳಿಗೆ ಎರಡು ದಿನದಿಂದ ಎಚ್ಚರವಿರಲಿಲ್ಲ. ನೀರಿನ ಪರೀಕ್ಷೆಗೆ ಜನ ಬಂದಿದ್ದಾರೆಂದು ಕೇಳಿ ಅವಳ ತಂದೆ ಸಲಾವುದ್ದೀನ್ ಊರಿಗೆ ಓಡಿಬಂದ. ಓಣಿಯ ಚರಂಡಿ ನಾಲಿಯ ಪಕ್ಕದ ಬೋರಿಗೆ ಒಂಬತ್ತು ವರ್ಷದ ಹಿಂದೆ, ಮಣ್ಣು ಕುಸಿಯದಂತೆ, ಪೈಪು ಇಳಿಸಿದವನು ಅವನೇ.

ಪರೀಕ್ಷೆಗೆ ಬಂದಿದ್ದ ಭೂವಿಜ್ಞಾನಿ ಸ್ನೇಹಲ್ ನೆಲಕ್ಕೆ ನಾಲ್ಕು ಉಕ್ಕಿನ ಗೂಟ ಬಡಿದು, ಕರೆಂಟು ಹರಿಸಿ, ಮಣ್ಣು ಅದನ್ನು ಎಷ್ಟು ತಡೆಯುತ್ತದೆಂದು ಮೀಟರಿನಲ್ಲಿ ನೋಡುತ್ತಿದ್ದಳು.

"ಹ್ಯಾಂಗದರಿ ಮೇಡಂ?" ಸಲಾವುದ್ದೀನ್ ಕೇಳಿದ.

"ತಿಳಿವಲ್ದು ಚಾಚಾ. ಕೆಳಗ ಇಪ್ಪತ್ತು ಫೂಟ್ ಜೇಡಿಮಣ್ಣು ಅದ. ಇದನ್ನ ದಾಟಿ ನಾಲಿ ನೀರು ಇಳಿಯಂಗಿಲ್ಲ. ಹೊಲಸು ಹ್ಯಾಂಗ ಸೇರಾಕತ್ತದ?" ಅವಳು ಮತ್ತೆ ಮೀಟರಿಗೆ ಬಗ್ಗಿದಳು. "ಇದರಾಗ ಕರೆಂಟ್ ಭಾಳ ಸರಳ ಹರೀತದ. ಇಂಥ ಮಣ್ಣು ಕಬ್ಬಿಣ ತಿಂತದ. ಬೋರಿಗೆ ಯಾವ ಪೈಪ್ ಅದರಿ?"

ಸಲಾವುದ್ದೀನ್ ಬೋರಿನ ಕಡೆ ನೋಡಿದ. "ಕಬ್ಬಿಣದ್ದು. ಪ್ಲಾಸ್ಟಿಕ್ ಒಡೀತದಂತ ನಾನೇ ಹಟ ಹಿಡಿದಿದ್ದೆ."

"ಅದು ತೂತು ಬಿದ್ದಿದ್ರ ನಾಲಿ ನೀರು ನೇರ ಬೋರಿಗೇ ಇಳೀತದ," ಎಂದಳು ಸ್ನೇಹಲ್ ಮೆಲ್ಲಗೆ.

ಅವನು ಹೋಗಿ ಮೋಟರಿನ ಫ್ಯೂಜು ಕಿತ್ತ. ಕೊಡ ಹಿಡಿದು ಸಾಲಿನಲ್ಲಿದ್ದ ಮೀರಾಬಾಯಿ ಅವನ ತೋಳು ಜಗ್ಗಿದಳು.

"ಟ್ಯಾಂಕರ್ ಬಂದು ನಾಕು ದಿನ ಆತು. ಮನ್ಯಾಗ ಇಬ್ಬರು ಕಾಮಾಲಿ ಆಗಿ ಮಲಗ್ಯಾರ."

"ಈ ನೀರು ಕುಡಿಸಬ್ಯಾಡ್ರಿ ಅಕ್ಕಾ, ಕಾಲಿಗಿ ಬೀಳ್ತೀನಿ."

"ಮತ್ತ ಏನು ಕುಡಿಸಲಿ? ಹೇಳು!"

ಸಲಾವುದ್ದೀನ್ ಫ್ಯೂಜನ್ನು ಜೇಬಿಗೆ ಹಾಕಿಕೊಂಡ. ಮೋಟರಿನ ಡಬ್ಬಿಗೆ ಬೆನ್ನು ಕೊಟ್ಟು ಕೂತುಬಿಟ್ಟ. ಜನ ಬೈದರು. ಯಾರೋ ಕೊಡದಿಂದ ಭುಜಕ್ಕೆ ಬಾರಿಸಿದರು. ಸ್ನೇಹಲ್ ಕಂಡಕಂಡ ಕಚೇರಿಗೆಲ್ಲ ಫೋನ್ ಮಾಡಿದಳು. ಸಂಜೆ ಬಸವಕಲ್ಯಾಣದಿಂದ ಟ್ಯಾಂಕರ್ ಬಂದ ಮೇಲೆಯೇ ಅವನು ಎದ್ದ.

ಮರುದಿನ ಬೆಳಿಗ್ಗೆ ಪೈಪಿನ ಸುತ್ತ ಅಗೆದರು. ಮೂರೇ ಫೂಟ್ ಕೆಳಗೆ, ನಾಲಿಯ ಕಡೆಗೆ, ಕೈ ತೂರುವಷ್ಟು ಅಗಲಕ್ಕೆ ಕಬ್ಬಿಣ ಉದುರಿಹೋಗಿತ್ತು. ಕರಿ ನೀರು ಒಳಗೆ ಜಿನುಗುತ್ತಿತ್ತು. ಅವನು ಅಲ್ಲಿ ನಿಲ್ಲಲಾರದೆ ಹುಮನಾಬಾದಿನ ಬಸ್ಸು ಹತ್ತಿದ.

ಅರ್ಷಿಯಾ ಕಣ್ಣು ಬಿಟ್ಟಿದ್ದಳು. ಹೊಟ್ಟೆಯ ಕೂಸು ಉಳಿದಿರಲಿಲ್ಲ.

"ಬೇಟಿ, ಆ ಪೈಪು ನಾನು ಹಾಕಿದ್ದು..." ಎಂದು ಅವನು ಎಲ್ಲವನ್ನೂ ಹೇಳಿದ. ತಡೆತಡೆದು, ಏನನ್ನೂ ಬಿಡದೆ.

ಅವಳು ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡಳು.

"ಬೋರ್ ಬಂದ್ ಮಾಡೀಯೇನು ಅಬ್ಬಾ?"

"ಮಾಡೀನಿ."

ಅವಳು ಗೋಡೆಯ ಕಡೆ ಹೊರಳಿದಳು. ನರ್ಸ್ ಬಂದು ಹೊರಗೆ ಕಳಿಸುವವರೆಗೂ ಅವನು ಮಂಚದ ಪಕ್ಕ ನಿಂತೇ ಇದ್ದ.