ಒಂದೂವರೆ ಪೌಂಡಿನ ಟ್ರಿಗರ್

ಬು ತಲಾಲ್ ಬಂದೂಕನ್ನು ಕೌಂಟರಿನ ಮೇಲೆ ಇಡಲಿಲ್ಲ, ಕುಕ್ಕಿದ. ಗಾಜಿನಡಿ ಸಾಲಾಗಿಟ್ಟಿದ್ದ ದುರ್ಬೀನುಗಳು ಒಮ್ಮೆ ನಡುಗಿದವು.

"ಇದನ್ನು ಮುಟ್ಟಿದವನು ಯಾರು? ಕರೆ ಅವನನ್ನು," ಎಂದ ಅರಬಿಯಲ್ಲಿ, ನನ್ನ ಮುಖ ನೋಡದೆ.

ಮುಟ್ಟಿದವರು ನನ್ನ ಬಾಪ. ಕುವೈತ್ ಸಿಟಿಯ ಈ ಬೇಟೆ ಸಾಮಾನಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಬಂದೂಕು ರಿಪೇರಿ ಮಾಡುತ್ತಿರುವ ಇದಿನಬ್ಬ. ನಾನು ಸಹಲಾ. ಕೌಂಟರಿನಲ್ಲಿ ಕೂತು ಕೆಲಸದ ಚೀಟಿ ಬರೆಯುವವಳು. ಮ್ಯಾನೇಜರ್ ಶಬೀರನ ಪ್ರಕಾರ, ಕೌಂಟರಿನಲ್ಲಿ ಕೂತು ಕನಸು ಕಾಣುವವಳು.

ಕಳೆದ ತಿಂಗಳು ಇದೇ ಬಂದೂಕು ಬಂದಿತ್ತು. ಒಂದೊಂದು ಗುಂಡಿಗೂ ಬೋಲ್ಟ್ ಎಳೆದು ತಳ್ಳುವ ಬೇಟೆಯ ಬಂದೂಕು. ಟ್ರಿಗರ್ ಬಿಗಿಯಾಗಿದೆ, ಒತ್ತುವಷ್ಟರಲ್ಲಿ ಕೈ ಅಲುಗಿ ಗುರಿ ತಪ್ಪುತ್ತದೆ, ಹಗುರ ಮಾಡಿ ಕೊಡಿ ಎಂಬ ಬೇಡಿಕೆ. ಎಲ್ಲ ಮಾಲೀಕರದ್ದೂ ಅದೇ ರಾಗ. ಹೊಸ ಟ್ರಿಗರ್ ಹಾಕಿಸಿಕೊಂಡು ಹೋದವರು ಆಮೇಲೆ ನನ್ನ ಫೋನಿಗೆ ಗುರಿಕಾಗದದ ಫೋಟೋ ಕಳಿಸುತ್ತಾರೆ. ಮೂರು ತೂತು, ಮೂರೂ ಒಂದು ನಾಣ್ಯದಡಿ ಮುಚ್ಚಿಹೋಗುವಷ್ಟು ಹತ್ತಿರ. ಅದನ್ನು ಬಾಪನಿಗೆ ತೋರಿಸಿದರೆ ಅವರು "ಹ್ಞೂಂ" ಎನ್ನುತ್ತಾರೆ, ಅಷ್ಟೇ.

ಬಾಪನಿಗೊಂದು ನಿಯಮವಿತ್ತು. ಟ್ರಿಗರ್ ಎಳೆಯಲು ಬೇಕಾದ ಬಲವನ್ನು ಎರಡೂವರೆ ಪೌಂಡಿಗಿಂತ ಇಳಿಸುವುದಿಲ್ಲ. "ಟ್ರಿಗರ್ ಅಂದ್ರೆ ಬಾಗಿಲ ಚಿಲಕ. ಬೆಕ್ಕು ಮೈ ಉಜ್ಜಿದ್ರೆ ತೆರೀಬಾರ್ದು," ಎನ್ನುತ್ತಿದ್ದರು. ಆದರೆ ಬು ತಲಾಲ್‌ಗೆ ಒಂದೂವರೆಯೇ ಬೇಕಿತ್ತು, ಅವನ ದಾಯಾದಿಯ ಬಂದೂಕಿನಲ್ಲಿ ಅಷ್ಟಿತ್ತಂತೆ.

"ಮಾಡಿ ಕೊಡಿ ಇದಿನಬ್ಬಾಕ," ಎಂದಿದ್ದ ಶಬೀರ್. "ಕಫೀಲನ ದೋಸ್ತ್ ಅವರು. ನಿಮ್ಮ ನಿಯಮ ಮನೆಯಲ್ಲಿ ಇಟ್ಕೊಳ್ಳಿ." ಕಫೀಲನೆಂದರೆ ಅಂಗಡಿಯ ಮಾಲೀಕ, ನಮ್ಮೆಲ್ಲರ ವೀಸಾ ಅವನ ಹೆಸರಿನಲ್ಲೇ.

ಬಾಪ ಹಳೆಯದನ್ನು ತೆಗೆದಿಟ್ಟು ಒಂದೂವರೆ ಪೌಂಡಿನ ಹೊಸ ಟ್ರಿಗರ್ ಹಾಕಿದರು. ಗುಂಡಿಲ್ಲದ ಬಂದೂಕಿನ ಹಿಡಿಯನ್ನು ರಬ್ಬರ್ ಹಾಸಿನ ಮೇಲೆ ಇಪ್ಪತ್ತು ಸಲ ಬಡಿದರು, ಬೋಲ್ಟನ್ನು ಇಪ್ಪತ್ತು ಸಲ ಜೋರಾಗಿ ಹಾಕಿದರು. ಟ್ರಿಗರ್ ಒಮ್ಮೆಯೂ ತಾನಾಗಿ ಜಾರಲಿಲ್ಲ. ಅದನ್ನು ಚೀಟಿಯಲ್ಲಿ ನಾನೇ ಬರೆದಿದ್ದೆ.

ಈಗ ಹೊರಗೆ ಬಂದು ನಿಂತ ಬಾಪನ ಮೇಲೆ ಬು ತಲಾಲ್ ಕೂಗುತ್ತಿದ್ದ. ಶುಕ್ರವಾರ ವಫ್ರಾದ ಅವನ ತೋಟದಲ್ಲಿ ದಾಯಾದಿಗಳೆಲ್ಲ ಸೇರಿ, ಪುಟ್ಟ ಕಾಫಿ ಬಟ್ಟಲನ್ನು ದಾರದಲ್ಲಿ ತೂಗುಬಿಟ್ಟು ಗುರಿ ಹಿಡಿದಿದ್ದರು. ಇವನು ಗುಂಡು ತುಂಬಿ ಬೋಲ್ಟ್ ಮುಚ್ಚಿದ. ಬೆರಳು ಟ್ರಿಗರಿನ ಹತ್ತಿರವೂ ಇರಲಿಲ್ಲ. ಬಂದೂಕು ತಾನಾಗಿ ಹಾರಿ, ಗುಂಡು ನೀರಿನ ಟ್ಯಾಂಕನ್ನು ತೂರಿತು.

"ಎಲ್ಲರೂ ನಕ್ಕರು!" ಎಂದ. "ನನ್ನ ತೋಟದಲ್ಲೇ ನನ್ನನ್ನು ನೋಡಿ ನಕ್ಕರು!"

"ಟ್ಯಾಂಕಿನ ಹತ್ತಿರ ಯಾರೂ ಇರಲಿಲ್ಲವಾ?" ಎಂದೆ.

ಕುರ್ಚಿ ಮಾತಾಡಿತೇನೋ ಎಂಬಂತೆ ನನ್ನನ್ನು ನೋಡಿದ. "ನೀರಿನ ಪಂಪಿನವನಿದ್ದ," ಎಂದು ಗಲ್ಲದಿಂದ ಹಿಂದಕ್ಕೆ ತೋರಿಸಿದ. ಬಂದೂಕಿನ ಖಾಲಿ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದವನೇ ಆ ಪಂಪಿನವನು.

ಶಬೀರ್ ಆಗಲೇ ಅರಬಿಯಲ್ಲಿ ಒಂದು ಕಾಗದ ತಯಾರು ಮಾಡಿ ತಂದಿದ್ದ. ತಪ್ಪೆಲ್ಲ ಮೆಕ್ಯಾನಿಕ್ ಇದಿನಬ್ಬನ ಅಜಾಗರೂಕತೆಯದು, ಅಂಗಡಿಗೆ ಸಂಬಂಧವಿಲ್ಲ ಎಂದಿತ್ತು. ಅದು ಕಫೀಲನ ಮೇಜಿಗೆ ಹೋದರೆ ಬಾಪನ ಇಕಾಮಾ, ಇಲ್ಲಿ ಇರಲು ಬೇಕಾದ ಪರವಾನಗಿ, ಅಲ್ಲೇ ಖಲಾಸ್, ವಾರದೊಳಗೆ ಊರಿಗೆ ವಿಮಾನ.

"ಸಹಿ ಹಾಕಿ. ಇಲ್ಲಾಂದ್ರೆ ಮಗಳದ್ದೂ ಕ್ಯಾನ್ಸಲ್ ಆಗ್ತದೆ, ಮತ್ತೆ ನನ್ನ ಹತ್ರ ಅಳ್ಬೇಡಿ," ಎಂದ ಶಬೀರ್ ಮೆತ್ತಗೆ, ಕನ್ನಡದಲ್ಲಿ. ಆಮೇಲೆ ಬು ತಲಾಲ್‌ನನ್ನು ಕಾಫಿಗೆಂದು ಒಳಗಿನ ಸೋಫಾಗೆ ಕರೆದೊಯ್ದ.

ಬಾಪ ಪೆನ್ನು ಕೈಗೆತ್ತಿಕೊಂಡರು. "ನನ್ನ ಕೈಯೇ ತಪ್ಪಿತೋ ಏನೋ," ಎಂದರು.

ಆ ಮಾತಿಗೆ ನನ್ನ ಮೈ ಉರಿಯಿತು. ಉಳ್ಳಾಲದ ನಮ್ಮಜ್ಜಿ ಆಸಿಯಮ್ಮ ಹೇಳುತ್ತಿದ್ದ ಒಂದು ಕಥೆಯಲ್ಲಿ ಒಬ್ಬ ಕಮ್ಮಾರನಿದ್ದ. ರಾಜ ತನ್ನ ಕತ್ತಿಗೆ ದಿನಾ ಸುಗಂಧ ಪೂಸಿ ಒರೆಗೆ ಹಾಕುತ್ತಿದ್ದನಂತೆ. ಯುದ್ಧದ ದಿನ ಕತ್ತಿ ಒರೆಗೆ ಅಂಟಿಕೊಂಡು ಹೊರಬರಲಿಲ್ಲ. ರಾಜ ಕಮ್ಮಾರನ ತಲೆ ತೆಗೆಸಿದ. ಅವನು ಯಾಕೆ ಬಾಯಿ ಬಿಡಲಿಲ್ಲ ಎಂದು ನಾನು ಕೇಳಿದರೆ ಅಜ್ಜಿ, "ತನ್ನ ಸುತ್ತಿಗೆಯೇ ತಪ್ಪಿತೋ ಅಂತ ಯೋಚಿಸ್ತಾ ಕೂತಿದ್ದ ಮಗಾ," ಎನ್ನುತ್ತಿದ್ದರು.

"ಇನ್ನೂ ಹಾಕ್ಬೇಡಿ ಬಾಪ," ಎಂದು ಬಂದೂಕನ್ನು ಎತ್ತಿಕೊಂಡು ಹಿಂದಿನ ಕೋಣೆಗೆ ನಡೆದೆ. ಬೋಲ್ಟ್ ಎಳೆದೆ. ಗುಂಡಿರಲಿಲ್ಲ. ಎಣ್ಣೆಯ ವಾಸನೆ ಬರಬೇಕಾದ ಕಡೆಯಿಂದ ಬಂದದ್ದು ಬೇರೆಯದೇ ಪರಿಮಳ. ಊದು. ಇಲ್ಲಿನವರು ಕೆಂಡದ ಮೇಲಿಟ್ಟು ಬಟ್ಟೆಗೆ ಹೊಗೆ ಹಿಡಿಯುವ ಅಗರು ಧೂಪ.

ಬೆನ್ನ ಹಿಂದೆ ದನಿ ಕೇಳಿತು. "ನೀವು ಕನ್ನಡದವರೇನವಾ?" ಪಂಪಿನವನು. ಹೆಸರು ಫಕೀರಪ್ಪ, ಗದಗ ಕಡೆಯವನಂತೆ.

"ಬಂದೂಕಿಗೆ ಊದಿನ ವಾಸನೆ ಯಾಕೆ?"

ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ವಾರಾ ವಾರಾ ಮಂದಿ ಬರೂಕಿಂತ ಮೊದಲ ಬೋಲ್ಟ್ ತಗದು ಒಳಗ ಹೊಗಿ ಬಿಡ್ತಾರವಾ. ರುಮಾಲಿಗೆ ಹಿಡದಂಗ ಇದಕ್ಕೂ. ಬಂದವ್ರ ಕೈಗೆ ಕೊಟ್ರ ಘಮ್ ಅನಬೇಕಲ್ಲ! ಕೆಂಡಾ ತಂದುಕೊಡಾಂವ ನಾನ."

"ಅಲ್ಲಿ ಬಂದು ಹೇಳ್ತೀರಾ?"

"ಹೇಳಿದ್ರ ನಾಳೆ ನನ್ನ ಗಂಟು ಕಟ್ಟಿಸ್ತಾರ. ಗುಂಡು ನನ್ನ ಕಿವೀ ಹತ್ರ ಹಾದು ಹೋತು. ಒಂದ್ ಮಾತು ಕೇಳಲಿಲ್ಲ ಪುಣ್ಯಾತ್ಮ, ಟ್ಯಾಂಕಿಗೆ ಬೆಸಗಿ ಹಾಕು ಅಂದ. ನೀ ಹೇಳವಾ. ನನ್ನ ಹೆಸರು ತಗೀಬ್ಯಾಡ."

ನಾನು ಬಂದೂಕನ್ನು ಹೊರತಂದು ಬಾಪನ ಮುಂದಿಟ್ಟೆ. ಬು ತಲಾಲ್ ಕಾಫಿ ಮುಗಿಸಿ ಬಂದಿದ್ದ.

"ಸಹಿಗೆ ಮೊದಲು ಟ್ರಿಗರ್ ಬಿಚ್ಚಬೇಕು. ಇಲ್ಲೇ, ಎಲ್ಲರ ಎದುರು," ಎಂದೆ ಅರಬಿಯಲ್ಲಿ.

"ಸಹಲಾ, ನಿನ್ನ ಅಜ್ಜಿಕಥೆ ಬೇಡ ಈಗ," ಎಂದ ಶಬೀರ್.

"ಅಜ್ಜಿಕಥೆಯೇ. ಕೂತು ಕೇಳು."

ಬಾಪ ನನ್ನನ್ನೊಮ್ಮೆ ನೋಡಿ ಸ್ಕ್ರೂಡ್ರೈವರ್ ತೆಗೆದರು. ಟ್ರಿಗರ್ ಹೊರಬಂತು. ಬಿಳಿ ಬಟ್ಟೆಯಿಂದ ಅದರ ಸಂದು ಒರೆಸಿದರು. ಬಟ್ಟೆಯ ಮೇಲೆ ಬೆಲ್ಲದ ಪಾಕದಂಥ ಕಂದು ಅಂಟು, ಅದರಲ್ಲಿ ಕಚ್ಚಿಕೊಂಡ ವಫ್ರಾದ ಮರಳು.

ನಾನು ಬಟ್ಟೆಯನ್ನು ಬು ತಲಾಲ್‌ನ ಮುಂದೆ ಹಿಡಿದೆ. "ನಿಮ್ಮ ತಲೆವಸ್ತ್ರದ ವಾಸನೆಯೂ ಇದೇ. ಅಂಟಿಗೆ ಮರಳು ಹಿಡಿದು ಟ್ರಿಗರ್ ಪೂರ್ತಿ ತನ್ನ ಜಾಗಕ್ಕೆ ಮರಳಿ ಕೂರಲಿಲ್ಲ. ಬೋಲ್ಟ್ ಹಾಕಿದ ಹೊಡೆತಕ್ಕೇ ಜಾರಿತು."

ಅವನ ಮುಖ ಕೆಂಪಾಯಿತು. "ನನ್ನ ಬಂದೂಕಿಗೆ ನಾನು ಊದು ಹಾಕುತ್ತೇನೆ. ಅದನ್ನು ತಾಳದ ಟ್ರಿಗರ್ ಯಾಕೆ ಹಾಕಿದ ಇವನು?"

ಬಾಪ ಸ್ಕ್ರೂಡ್ರೈವರ್ ಕೆಳಗಿಟ್ಟರು.

"ಅದು ಸರಿಯಾದ ಪ್ರಶ್ನೆ," ಎಂದರು. "ಎರಡೂವರೆ ಇದ್ದಿದ್ದರೆ ಪ್ರಾಯಶಃ ಹಿಡೀತಿತ್ತು. ಸಹಲಾ, ಹೊಸ ಕಾಗದ ತೆಗಿ. ನಾನು ಹೇಳಿದ ಹಾಗೆ ಅರಬಿಯಲ್ಲಿ ಬರಿ."

ಬಾಪನ ಮಾತನ್ನು ನಾನು ಹಾಗೆಯೇ ಬರೆದೆ: ಗಿರಾಕಿ ಕೇಳಿದರೆಂದು, ಮ್ಯಾನೇಜರ್ ಒತ್ತಾಯಿಸಿದರೆಂದು, ನನ್ನ ನಿಯಮ ಮುರಿದು ಒಂದೂವರೆ ಪೌಂಡಿಗೆ ಇಳಿಸಿದೆ. ಅದು ನನ್ನ ತಪ್ಪು. ಗಿರಾಕಿ ಬಂದೂಕಿನೊಳಗೆ ಊದಿನ ಹೊಗೆ ಬಿಟ್ಟರು, ಅದು ಅವರದ್ದು. ಗುಂಡು ಟ್ಯಾಂಕಿನ ಹತ್ತಿರವಿದ್ದ ಒಬ್ಬ ಮನುಷ್ಯನ ಪಕ್ಕದಲ್ಲೇ ಹೋಯಿತು.

ಬಾಪ ಸಹಿ ಹಾಕಿ ಪೆನ್ನನ್ನು ಅವರಿಬ್ಬರ ಕಡೆ ಉರುಳಿಸಿದರು. "ನಂದಾಯ್ತು. ಇನ್ನು ನೀವಿಬ್ಬರು ಹಾಕಿ. ಆಮೇಲೆ ಕಫೀಲನಿಗೆ ಕಳಿಸುವ."

ಪೆನ್ನು ಯಾರೂ ಮುಟ್ಟಲಿಲ್ಲ. ದಾಯಾದಿಗಳ ಕಿವಿಗೆ ಊದೇ ಬಂದೂಕನ್ನು ಕೆಡಿಸಿತೆಂಬ ಸುದ್ದಿ ಬೀಳುವುದು ಬು ತಲಾಲ್‌ಗೆ ಬೇಡವಾಗಿತ್ತು. 'ಒತ್ತಾಯಿಸಿದರು' ಎಂಬ ಮಾತು ಕಫೀಲನ ಕಣ್ಣಿಗೆ ಬೀಳುವುದು ಶಬೀರನಿಗೆ ಬೇಡವಾಗಿತ್ತು.

"ಹಳೆಯ ಟ್ರಿಗರನ್ನೇ ಹಾಕು. ಖಲಾಸ್," ಎಂದ ಬು ತಲಾಲ್ ಕೊನೆಗೆ.

ಬಾಪ ಹಾಕಿದರು. ರಬ್ಬರ್ ಹಾಸಿನ ಮೇಲೆ ಇಪ್ಪತ್ತು ಸಲ ಬಡಿದರು. ಬೇಕೆಂದೇ ನಿಧಾನವಾಗಿ, ಬು ತಲಾಲ್ ನಿಂತು ಪೂರ್ತಿ ಕೇಳುವಂತೆ. ಅವನು ಸಲಾಂ ಹೇಳದೆ ಹೊರಟ. ಫಕೀರಪ್ಪ ಪೆಟ್ಟಿಗೆ ಎತ್ತಿಕೊಂಡು ಹಿಂದೆಯೇ ಹೋದ. ನನ್ನ ಕಡೆ ನೋಡಲಿಲ್ಲ, ನೋಡಲೂಬಾರದಿತ್ತು.

ಶಬೀರ್ ಮೊದಲು ತಂದಿದ್ದ ಕಾಗದವನ್ನು ಹರಿದ. "ಹಾವಿಗೆ ಹಾಲೆರೆದ ಹಾಗಾಯ್ತು ನಿಮ್ಮನ್ನು ಸಾಕಿದ್ದು," ಎಂದ ಬಾಪನಿಗೆ.

"ನೀನು ಸಾಕಿದ್ದಲ್ಲ ಮಾರಾಯ. ನೀನು ಬರುವಾಗ ನಾನಿಲ್ಲಿ ಬಂದು ಹನ್ನೊಂದು ವರ್ಷ ಆಗಿತ್ತು," ಎಂದರು ಬಾಪ.

ಎರಡನೆಯ ಕಾಗದ ಈಗ ಶಬೀರನ ಡ್ರಾಯರಿನಲ್ಲಿ ಬೀಗದೊಳಗಿದೆ. ಅದರ ಫೋಟೋ ನನ್ನ ಫೋನಿನಲ್ಲಿದೆ, ಮೂರು ತೂತಿನ ಗುರಿಕಾಗದಗಳ ನಡುವೆ. ಅದು ಅವನಿಗೂ ಗೊತ್ತು. ಬೆಳಿಗ್ಗೆ ಅಂಗಡಿಗೆ ಬಂದವನು ಮೊದಲು ನನ್ನ ಫೋನು ಎಲ್ಲಿದೆ ಎಂದು ನೋಡುತ್ತಾನೆ, ಆಮೇಲೆ ನನ್ನನ್ನು.